ಗೌನಿಗೆ ಹಬ್ಬಿದ ಸೌತೆಬಳ್ಳಿ

ಇನ್ನು ಮುಂದೆ ನಮ್ಮ ಮನೆಗೆ ಹೊರಗಿನ ತರಕಾರಿ ಬರಕೂಡದು! ಹೀಗೆಂದು ನಾನು ಘೋಷಿಸಿದಾಗ ನನ್ನ ಕೃಷಿಭೂಮಿಯ ಒಟ್ಟು ವಿಸ್ತೀರ್ಣ ಒಂದು ಕಿಟಕಿ ಕಟ್ಟೆ. ಅದರ ಮೇಲೆ ಎರಡು ಹಳೆಯ ಬಣ್ಣದ ಡಬ್ಬ, ಡಬ್ಬದಲ್ಲಿ ಮಣ್ಣು, ಮಣ್ಣಿನಲ್ಲಿ ಸೌತೆಬೀಜ. ದೊಡ್ಡ ದೊಡ್ಡ ಸಾಮ್ರಾಜ್ಯಗಳೂ ಹೀಗೇ ಸಣ್ಣದಾಗಿ ಶುರುವಾಗಿರಬೇಕು.

ನನ್ನ ಕೆಲಸ ಸಿನಿಮಾ ಮಂದಿರದಲ್ಲಿ ಟಿಕೆಟ್ ಹರಿದು ಕೊಡುವುದು. ಸಂಜೆಯವರೆಗೆ ಬಿಡುವು. ಬೆಳಗಾದರೆ ಚಹಾ ಲೋಟ ಹಿಡಿದು ಕಿಟಕಿಯ ಪಕ್ಕ ಕೂತು, ಇನ್ನೂ ಏನೂ ಮೊಳೆಯದ ಮಣ್ಣನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಬಳ್ಳಿ ಮೇಲಿನ ಮಹಡಿಯವರೆಗೂ ಹಬ್ಬುತ್ತಿತ್ತು. ಎಲೆಗಳ ಸಂದಿಯಿಂದ ಹಸಿರು ಬೆಳಕು ಸೋರಿ ಇಡೀ ಕೋಣೆ ಕೊಳದ ತಳದಂತಾಗುತ್ತಿತ್ತು. ಕೆಳಗೆ ಬೀದಿಯಲ್ಲಿ ಸೌತೆಕಾಯಿಗೆ ಜನ ಸಾಲು ನಿಂತಿರುತ್ತಿದ್ದರು. ನಾನು ಗಂಭೀರವಾಗಿ 'ಹೌಸ್ ಫುಲ್' ಬೋರ್ಡು ತಗಲಿಹಾಕುತ್ತಿದ್ದೆ. ಅಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದೀರಾ," ಎಂದಳು ಹೆಂಡತಿ.

"ಹೊಲಿಯೋಕೆ ನೀನಿದೀಯಲ್ಲ!" ಎಂದೆ.

ಅವಳು ದರ್ಜಿ. ಆ ಕಿಟಕಿಯ ಬೆಳಕೇ ಅವಳ ಅನ್ನ. ಬಳ್ಳಿ ನಿಜಕ್ಕೂ ಹಬ್ಬಿ ಎಲೆಗಳು ಅಗಲವಾದಾಗ, ಸೂಜಿಗೆ ದಾರ ಪೋಣಿಸಲು ಅವಳು ಬಾಗಿಲ ಬಳಿಗೆ ಹೋಗಬೇಕಾಯಿತು.

"ನೋಡಿ, ಸಂಗೀತದ ಮೇಡಂ ಗೌನು ತಗೊಂಡು ಹೋಗೋದ್ರೊಳಗೆ ಒಂದೇ ಒಂದು ಸೌತೆಕಾಯಿ ನನ್ನ ತಟ್ಟೆಗೆ ಬರ್ಬೇಕು. ಇಲ್ಲಾಂದ್ರೆ ನಿಮ್ಮ ಡಬ್ಬ ಬೀದಿಗೆ, ನನ್ನ ಬೆಳಕು ನನಗೆ!"

"ಒಂದ್ಯಾಕೆ, ಬುಟ್ಟಿಗಟ್ಟಲೆ ಕೊಡ್ತೀನಿ!"

ಆ ಗೌನು ಅವಳ ಕೈಗೆ ಬಂದ ಮೊದಲ ದೊಡ್ಡ ಕೆಲಸ. ಮೇಡಂ ಅದನ್ನು ತೊಟ್ಟು ವೇದಿಕೆಯ ಮೇಲೆ ಹಾಡುವವರಿದ್ದರು. ತಿಳಿನೀಲಿ ಬಣ್ಣದ ತೆಳು ನೆಟ್ ಬಟ್ಟೆ. ಹೊಲಿದು ಮುಗಿಸಿ, ಕಿಟಕಿಯ ಪಕ್ಕದ ತಲೆಯಿಲ್ಲದ ಗೊಂಬೆಗೆ ತೊಡಿಸಿ, ಅವಳು ನಾಲ್ಕು ದಿನ ಅಕ್ಕನ ಮನೆಗೆ ಹೊರಟಳು.

"ಗೊಂಬೇನ ಕಿಟಕಿಯಿಂದ ದೂರ ಎಳೆದಿಡಿ. ಮರೀಬೇಡಿ."

"ನಾನು ಮರೆಯೋದಾ!"

ಖಂಡಿತ ಮರೆಯಲಿಲ್ಲ. ಎಳೆಯಲೆಂದೇ ಹೋದೆ. ಆದರೆ ಬಳ್ಳಿಯ ಸುರುಳಿ ಎಳೆಯೊಂದು ಆಗಲೇ ಒಳಗೆ ಚಾಚಿ ಗೌನಿನ ತೋಳು ಹಿಡಿದುಕೊಂಡಿತ್ತು! ಗಾಳಿ ಬೀಸಿದರೆ ಹಸಿರೂ ನೀಲಿಯೂ ಒಟ್ಟಿಗೆ ತೂಗುತ್ತಿದ್ದವು. ಇಬ್ಬರೂ ಕುಣಿಯಲು ಹೊರಟಿದ್ದಾರೆ, ನಡುವೆ ನಾನು ಹೋಗುವುದೇ? ನಾಳೆ ಬಿಡಿಸಿದರಾಯಿತು ಎಂದುಕೊಂಡು ಕುರ್ಚಿ ಎಳೆದು ಕೂತೆ. ಆ ನಾಳೆ ಬಂದಾಗ ಬಳ್ಳಿ ಹೂ ಬಿಟ್ಟಿತ್ತು. ಹೊಲಿಗೆ ಯಂತ್ರದ ಧೂಳು ತೆಗೆಯುವ ಪುಟ್ಟ ಬ್ರಶ್ಶಿನಿಂದ ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಸವರಿದೆ. ಗೌನಿನ ಸೊಂಟದ ಹತ್ತಿರ ಹೀಚು ಕಚ್ಚಿತು! ಆ ಸಂಭ್ರಮದಲ್ಲಿ, ಅಂದು ಬಾಲ್ಕನಿ ಕೇಳಿದವರಿಗೆಲ್ಲ ಮುಂದಿನ ಸಾಲಿನ ಟಿಕೆಟ್ ಹರಿದುಕೊಟ್ಟೆ.

ಹೆಂಡತಿ ವಾಪಸು ಬಂದಳು.

"ರೀ, ಇದೇನಿದು?"

"ಬಳ್ಳಿ."

"ಬಳ್ಳಿ ಅಂತ ಗೊತ್ತಾಯ್ತು. ಗೌನೆಲ್ಲಿ?"

ನೆಟ್ಟಿನ ಒಂದೊಂದು ಕಣ್ಣಿಗೂ ಒಂದೊಂದು ಎಳೆ ತೂರಿ ಸುತ್ತಿಕೊಂಡಿತ್ತು. ಎಳೆದರೆ ಬಟ್ಟೆ ಹರಿಯುತ್ತದೆ. ಅವಳು ಕತ್ತರಿ ಎತ್ತಿದಳು.

"ಬೇಡ ಕಣೇ! ಕಾಯಿ ಬೆರಳುದ್ದ ಆಗಿದೆ, ಇನ್ನೆರಡೇ ದಿನ!"

"ಮೇಡಂ ಇನ್ನೇನು ಬಂದುಬಿಡ್ತಾರೆ ರೀ! ಇದು ಕೆಟ್ರೆ ಇನ್ಯಾರು ನನ್ನ ನಂಬಿ ಬಟ್ಟೆ ಕೊಡ್ತಾರೆ?"

ಅವಳ ಕಣ್ಣು ತುಂಬಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕುತ್ತಿದ್ದವನು ಆ ಲೆಕ್ಕ ಬಿಟ್ಟುಬಿಟ್ಟೆ. ಕತ್ತರಿ ಕಿತ್ತುಕೊಂಡು ನಾನೇ ಬಳ್ಳಿಯ ಬುಡಕ್ಕೆ ಹಿಡಿದೆ. ಆಗಲೇ ಬಾಗಿಲು ಬಡಿದ ಸದ್ದು!

ಸಂಗೀತದ ಮೇಡಂ ಒಳಗೆ ಬಂದರು, ನಿಂತರು. ಗೊಂಬೆಯ ಸುತ್ತ ಒಂದು ಸುತ್ತು ಬಂದರು. ಹಳದಿ ಹೂವೊಂದನ್ನು ಮುಟ್ಟಿದರು.

"ಇದು ನಿಜವಾದ ಹೂವಾ?"

"ಹೌದು ಮೇಡಂ... ನಮ್ಮೆಜಮಾನ್ರ ಕೈಕೆಲಸ," ಎಂದಳು ಹೆಂಡತಿ, ಅಳುವ ದನಿಯಲ್ಲಿ.

"ಅಯ್ಯೋ, ಎಷ್ಟು ಚೆನ್ನಾಗಿದೆ! ಹೀಗೇ ಕತ್ತರಿಸಿ ಕೊಡಿ. ಸಂಜೆನೇ ಕಾರ್ಯಕ್ರಮ, ಬಾಡೋದ್ರೊಳಗೆ ಹಾಡಿ ಮುಗಿಸ್ತೀನಿ. ಮುಂದಿನ ತಿಂಗಳು ನನ್ನ ಶಿಷ್ಯೆಯರು ಹಾಡ್ತಾರೆ, ಅವರಿಗೆಲ್ಲ ಇಂಥದ್ದೇ ಬೇಕು!"

ಬಳ್ಳಿ ಸಮೇತ ಗೌನು ತೆಗೆದುಕೊಂಡು ಹೊರಡುವ ಮುನ್ನ ಮೇಡಂ ಸೊಂಟದ ಬಳಿಯ ಹೀಚನ್ನು ಚಟ್ಟನೆ ಕಿತ್ತು ನನ್ನ ಕೈಗಿಟ್ಟರು. ಹೆಂಡತಿ ಅದನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು ಕಟಕಟ ಅಗಿದಳು. ಆಮೇಲೆ ಎಷ್ಟೋ ವರ್ಷಗಳಿಂದ ಕಾಣದ ಒಲವಿನಿಂದ ನನ್ನನ್ನು ನೋಡಿದಳು.

"ರೀ, ಕಿಟಕಿ ಪೂರ್ತಿ ನಿಮಗೇ. ಇನ್ನೂ ಹತ್ತು ಡಬ್ಬ ತನ್ನಿ. ನಾನು ಬಾಗಿಲ ಹತ್ರಾನೇ ಕೂತು ಹೊಲ್ಕೋತೀನಿ."

ಕೊನೆಗೂ ನನ್ನೊಳಗಿನ ರೈತನನ್ನು ಒಬ್ಬರಾದರೂ ಗುರುತಿಸಿದರು! ನನ್ನೆದೆ ಕುಂಬಳಕಾಯಿಯಷ್ಟು ಉಬ್ಬಿತು.

"ಆದ್ರೆ ಒಂದು ಮಾತು," ಎಂದಳು. "ಕಾಯಿ ಮಾತ್ರ ಬೆಳೆಸ್ಬೇಡಿ. ಕಚ್ಚಿದ ಕೂಡ್ಲೇ ಚಿವುಟಿ ಹಾಕಿ. ಭಾರಕ್ಕೆ ಗೌನು ಜೋಲುತ್ತೆ!"