ಸ್ಪೀಕರಿಗೆ ಹಚ್ಚಿದ ವಿಭೂತಿ

ಬೆಲೆ ಕೇಳಿದ ಕೂಡಲೇ ಸಿಟ್ಟಾಗುವುದು ನನ್ನ ಹುಟ್ಟುಗುಣ. ಬದನೆಕಾಯಿಯಿಂದ ಬಸ್ ಟಿಕೆಟ್ಟಿನವರೆಗೆ ಎಲ್ಲದರ ಬೆಲೆಗೂ ಉರಿದುಬಿದ್ದವನು ನಾನು. ಆದರೆ ಜತ್ತದಿಂದ ಸಾಂಗಲಿಗೆ ಹೋಗಿ ಆ ಜೋಡಿ ಸ್ಪೀಕರಿನ ಬೆಲೆ ಕೇಳಿದಾಗ ಬಂದ ಸಿಟ್ಟೇ ಬೇರೆ. ಎರಡು ಮರದ ಪೆಟ್ಟಿಗೆ, ಒಳಗೆ ಅಯಸ್ಕಾಂತ, ಒಂದಿಷ್ಟು ತಂತಿ. ಇದಕ್ಕೆ ಜೋಡೆತ್ತಿನ ಬೆಲೆಯೇ? ಒಳಗೆ ಬಂಗಾರ ಇಟ್ಟಿದ್ದೀರೇನು ಎಂದು ಮರಾಠಿಯಲ್ಲೇ ಜಗಳ ತೆಗೆದೆ. ಅಂಗಡಿಯವನು ಪೆಟ್ಟಿಗೆಯ ಎದುರುಭಾಗದಲ್ಲಿ ಮೇಲ್ಗಡೆ ಇದ್ದ, ದನಿಯನ್ನು ತಿಳಿಯಾಗಿಸುವ ಪುಟ್ಟ ರೇಷ್ಮೆ ಗುಂಬಜ ತೋರಿಸಿ, ಇದರ ಜೀವ ಇರುವುದೇ ಇಲ್ಲಿ, ಅರ್ಧ ಬೆಲೆ ಇದಕ್ಕೇ ಎಂದ.

ಬೈಯುತ್ತಲೇ ಕೊಂಡೆ. ಗುಡ್ಡಾಪುರದ ಭಜನೆಯಲ್ಲಿ ಅಪ್ಪ ಹಾಡಿದ ಒಂದೇ ಕ್ಯಾಸೆಟ್ಟು ನಮ್ಮಲ್ಲಿ ಉಳಿದಿತ್ತು. ಇಷ್ಟು ವರ್ಷ ನಾವು ಅದನ್ನು ಕೇಳುತ್ತ ಬಂದ ಹಳೆಯ ಟೇಪಿನಲ್ಲಿ ಹಾಡಿಗಿಂತ ಗೊರಗೊರವೇ ಹೆಚ್ಚು. ಅದನ್ನು ಪೆನ್‌ಡ್ರೈವಿಗೆ ಗೊರಗೊರ ತೆಗೆಸಿ ಹಾಕಿಸಿದ್ದೆ. ಅಪ್ಪನ ಪುಣ್ಯಸ್ಮರಣೆಗೆ ಶೇಗಾಂವದಿಂದ ಬರುವ ತಂಗಿಗೆ ಅವನ ದನಿ ಸ್ವಚ್ಛವಾಗಿ ಕೇಳಿಸಲೇಬೇಕೆಂಬ ಹಟ ನನ್ನದು.

ನಮ್ಮ ಮನೆಗೆ ಮೋಟಾರ್ ಸೈಕಲ್ ಬರಲಿ, ಮಿಕ್ಸರ್ ಬರಲಿ, ಮೊದಲು ವಿಭೂತಿ. ಹೆಂಡತಿ ಸ್ಪೀಕರಿನ ಮರಕ್ಕೆ ಹಚ್ಚಲು ಹೋದಳು. ನನಗೆ ರೇಗಿತು.

“ಕಟಗಿಗೇನ್ ಹಚ್ತೀ? ಜೀವ ಇರೂದು ಇಲ್ಲಿ!”

ವಿಭೂತಿ ಕಸಿದುಕೊಂಡು, ಬಲಗಡೆಯ ಸ್ಪೀಕರಿನ ಆ ಗುಂಬಜದ ಮೇಲೆ ಮೂರು ಬೆರಳು ಒತ್ತಿ ಭಕ್ತಿಯಿಂದ ಎಳೆದೆ. ಅದು ಟುಪ್ಪೆಂದು ಒಳಗೆ ಹೋಯಿತು.

ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ. ಮುಟ್ಟಿದರೆ ಹೋಗುವ ಜೀವವನ್ನು ಎದುರಿಗೆ ಯಾಕೆ ಇಡುತ್ತೀರಿ? ಸ್ಪೀಕರಿಗೆ ವಿಭೂತಿ ಹಚ್ಚಿದ ಗಿರಾಕಿಯನ್ನು ತಾನು ಇದೇ ಮೊದಲು ಕಂಡಿದ್ದು ಎಂದ ಆ ಪುಣ್ಯಾತ್ಮ. ಹೊಸದು ಹಾಕಿಸುವ ಬೆಲೆಯನ್ನೂ ಹೇಳಿದ. ಫೋನನ್ನೇ ಬಿಸಾಡುವವನಿದ್ದೆ, ಅದಕ್ಕೂ ಬೆಲೆ ಕೊಟ್ಟಿದ್ದೇನಲ್ಲ ಎಂದು ಸುಮ್ಮನಾದೆ.

ಮರುದಿನ ತಂಗಿ ಬಂದಳು. ನೆಗ್ಗಿದ ವಿಷಯ ಮುಚ್ಚಿಟ್ಟು ಹಾಡು ಹಚ್ಚಿದೆ. ಎಡಗಡೆಯದರಲ್ಲಿ ಅಪ್ಪನ ದನಿ ಗಾಜಿನಷ್ಟು ತಿಳಿಯಾಗಿತ್ತು. ಬಲಗಡೆಯದರಲ್ಲಿ ಮಬ್ಬು, ಥೇಟ್ ಹಳೆಯ ಟೇಪು. ನಾನು ಒಳಗೊಳಗೇ ಕುದಿಯುತ್ತಿದ್ದೆ. ತಂಗಿ ಸ್ವಲ್ಪ ಹೊತ್ತು ಕೇಳಿ, ಬಲಕ್ಕೆ ಸರಿದು ಕುಳಿತಳು.

“ಅಣ್ಣಾ, ಎಡಗಡೀದ್ರಾಗ ಯಾರೋ ಬ್ಯಾರೆದವ್ರು ಹಾಡಿದಾಂಗ ಕೇಳ್ತದ. ನಮ್ಮಪ್ಪ ಇದ್ರಾಗ ಅದಾನ ನೋಡು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಂಡತಿ ಒಳಗಿನಿಂದ ವಿಭೂತಿ ಗಟ್ಟಿ ಹಿಡಿದೇ ಬಂದಳು. “ಹಂಗಾದ್ರ ಎಡಗಡೀದಕ್ಕೂ ಹಚ್ಚಿಬಿಡ್ಲೇನ್ರಿ?”

ಮೈಯೆಲ್ಲ ಉರಿಯಿತು. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೋಡಿಕೊಂಡರೆ, ನಾನೂ ತಂಗಿಯ ಪಕ್ಕ ಬಲಗಡೆಗೇ ಸರಿದು ಕುಳಿತಿದ್ದೆ.