ಮೈಕ್ರೋಮೀಟರ್ ಎಲ್ಲಿ ಸಿಗುತ್ತದೆ?

ತಪ್ಪು ನಮ್ಮದಾದಾಗ ಅದನ್ನು ಸಾಮಾನಿನ ಮೇಲೆ ಹಾಕುವುದು ಮನುಷ್ಯನ ಸ್ವಭಾವ. ರೊಟ್ಟಿ ಹರಿದರೆ ನನ್ನ ಹೆಂಡತಿ ಹಿಟ್ಟನ್ನು ಬೈಯುತ್ತಾಳೆ. ಗಿರಣಿಯವನು ಜೋಳವನ್ನು ಬೈಯುತ್ತಾನೆ. ಜೋಳಕ್ಕೆ ಬಾಯಿಲ್ಲವಾದ್ದರಿಂದ ಜಗಳ ಅಲ್ಲಿಗೆ ಮುಗಿಯುತ್ತದೆ. ಸಿಂದಗಿಯಲ್ಲಿ ಇಪ್ಪತ್ತು ವರ್ಷದಿಂದ ಲೇತ್ ನಡೆಸುತ್ತಿರುವ ನಾನು ಬೈದದ್ದು ನನ್ನ ಮೈಕ್ರೋಮೀಟರನ್ನು. ಕೂದಲೆಳೆಯ ದಪ್ಪವನ್ನೂ ಅಳೆಯುವ ಈ ಸಾಮಾನಿಗೆ ನನ್ನ ಅಂಗಡಿಯಲ್ಲಿ ನನಗಿಂತ ಹೆಚ್ಚು ಮರ್ಯಾದೆ.

ಆಲಮೇಲದ ಸಿದ್ದನಗೌಡರು ಕಬ್ಬಿಗೆ ನೀರೆತ್ತುವ ಪಂಪಿಗೆ ಶಾಫ್ಟ್ ಮಾಡಿಸಿಕೊಂಡು ಹೋದವರು ಎರಡೇ ದಿನಕ್ಕೆ ವಾಪಸು ತಂದರು. ಇನ್ನೊಂದು ಮಾಡಿಕೊಟ್ಟೆ. ಅದೂ ವಾಪಸು ಬಂತು. ಬೇರಿಂಗಿನೊಳಗೆ ಶಾಫ್ಟ್ ಸಡಿಲ.

"ಏನ್ರಿ ಮಿಸ್ತ್ರಿ, ಮುದುಕನ ಹಲ್ಲಿನಂಗ ಅಲ್ಲಾಡಾಕತ್ತೈತಿ. ಇನ್ನೊಮ್ಮಿ ಹಿಂಗಾದ್ರ ನಾ ಇಂಡಿಗೆ ಒಯ್ತೇನಿ ನೋಡ್ರಿ" ಎಂದರು.

ಇಂಡಿ ಊರಿನ ಲೇತ್ ಮಿಸ್ತ್ರಿ ನನ್ನ ಪ್ರತಿಸ್ಪರ್ಧಿ. ಗೌಡರು ಅತ್ತ ಹೊರಟರೆ ಅರ್ಧ ಆಲಮೇಲ ಅವರ ಹಿಂದೆ ಹೊರಡುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೊಸ ಮೈಕ್ರೋಮೀಟರ್ ಹುಡುಕುತ್ತ ಬಸ್ಸು ಹತ್ತಿದೆ. ಇಂಡಿಯಲ್ಲಿ ಕಳ್ಳನಂತೆ ಒಂದು ಅಂಗಡಿ ಹೊಕ್ಕರೆ ಅಲ್ಲಿಯವನು ಅಳತೆಯ ಟೇಪು ತೋರಿಸಿದ. ಮುದ್ದೇಬಿಹಾಳದ ಅಂಗಡಿಯವನು, "ಅಷ್ಟು ಸಣ್ಣ ಅಳತಿ ಯಾಕ ಬೇಕ್ರಿ? ನಮ್ಮ ಕಡಿ ಮಂದಿ ಮನಸ್ಸು ದೊಡ್ಡದು" ಎಂದು ಚಹಾ ಕುಡಿಸಿ ಕಳಿಸಿದ. ಬಸವನ ಬಾಗೇವಾಡಿಯ ಹಾರ್ಡ್‌ವೇರ್ ಅಂಗಡಿಯ ಮುದುಕರು ಮಾತ್ರ ಹಳೆಯದನ್ನು ಕೇಳಿ ಇಸಿದುಕೊಂಡರು. ಶಾಫ್ಟನ್ನು ಕಚ್ಚಿ ಹಿಡಿಯುವ ಅದರ ಬಾಯಿಯನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು.

"ಅಮಾಸಿಗೊಮ್ಮಿ ಪೂಜಿ ಮಾಡ್ತೀರೇನು?"

"ತಪ್ಪದ ಮಾಡ್ತೇನ್ರಿ. ಸಾಮಾನಿಗೆಲ್ಲಾ ವಿಭೂತಿ ಹಚ್ಚತೇನಿ."

"ಇದರ ಬಾಯಿಗೂ ಹಚ್ಚೀರಿ. ಶಾಫ್ಟಿನ ಜೋಡಿ ವಿಭೂತೀನೂ ಅಳಿಯಾಕತ್ತೀರಿ! ಇದು ಶಾಫ್ಟ್ ದಪ್ಪ ಐತಿ ಅಂತೈತಿ, ನೀವು ಇನ್ನಷ್ಟು ಹೆರೆದು ಸಣ್ಣ ಮಾಡ್ತೀರಿ. ಒರಸ್ಕೊಂಡು ಮನಿಗೆ ಹೋಗ್ರಿ."

ಅಳೆಯುವ ಮೊದಲು ಮೈಕ್ರೋಮೀಟರಿನ ಬಾಯಿ ಮುಚ್ಚಿ, ಗೆರೆ ಸೊನ್ನೆಗೆ ಕೂಡುತ್ತದೆಯೇ ನೋಡಬೇಕು ಎಂದು ಕಂಡಕಂಡವರಿಗೆ ಪಾಠ ಹೇಳುವವನು ನಾನು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಊರಿಗೆ ಬಂದು ಅದನ್ನು ಪೆಟ್ರೋಲಿನಲ್ಲಿ ತೊಳೆದು ಮೂರನೆಯ ಶಾಫ್ಟ್ ಮಾಡಿದೆ. ಬೇರಿಂಗು ಬಿಗಿಯಾಗಿ ಕೂತಿತು. ಗೌಡರಿಗೆ ಸಂತೋಷವೋ ಸಂತೋಷ.

"ಅಳತಿ ಸಾಮಾನು ಹೊಸಾದು ತಂದ್ರೇನು?"

"ಹೂಂ ಗೌಡ್ರ, ಪುಣೆದಿಂದ ತರಿಸೇನಿ" ಎಂದುಬಿಟ್ಟೆ. ಭಕ್ತಿ ಹೆಚ್ಚಾಗಿ ಕೆಲಸ ಕೆಟ್ಟಿತು ಎಂದು ಗಿರಾಕಿಯ ಮುಂದೆ ಯಾವ ಬಾಯಿಂದ ಹೇಳಲಿ? ಗೌಡರು ಅದನ್ನು ಊರೂರಿಗೆ ಸಾರಿದರು.

ಒಂದು ವಾರಕ್ಕೆ ಇಂಡಿಯ ಮಿಸ್ತ್ರಿಯೇ ನನ್ನ ಅಂಗಡಿಗೆ ಬಂದ. "ಅಣ್ಣಾ, ಪುಣೆದಾಗ ಆ ಅಂಗಡಿ ಎಲ್ಲಿ ಐತ್ರಿ? ಯಾಕೋ ನನ್ನ ಶಾಫ್ಟ್ ಎಲ್ಲಾ ಸಡ್ಲ ಆಗಾಕತ್ತಾವು" ಎನ್ನುತ್ತ ತನ್ನ ಮೈಕ್ರೋಮೀಟರನ್ನು ನನ್ನ ಕೈಗಿಟ್ಟ. ಅದರ ಬಾಯಿ ತುಂಬ ವಿಭೂತಿ, ಮೇಲೊಂದಿಷ್ಟು ಕುಂಕುಮ. ಪಾಪ, ನನಗಿಂತಲೂ ದೊಡ್ಡ ಭಕ್ತ. ಹೇಳಬೇಕಾದದ್ದು ಒಂದೇ ಮಾತು. ಅದು ನಾಲಿಗೆಯ ತುದಿಯವರೆಗೂ ಬಂದಿತ್ತು.

ಮೈಕ್ರೋಮೀಟರನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆ. "ಇದಕ್ಕೇನಾಗೇತಿ ತಮ್ಮಾ, ಭಾಳ ಚಲೋ ಐತಿ" ಎಂದೆ. "ಪೂಜಿ ಮಾತ್ರ ಬಿಡಬ್ಯಾಡ."