ಕೆರೆಗೆ ಮೋಟರ್ ಇಟ್ಟ ನಾಗಲಿಂಗಯ್ಯ

ದೊಡ್ಡೇರಿಯ ನಾಗಲಿಂಗಯ್ಯ ಹಿತ್ತಿಲಲ್ಲಿ ಏನನ್ನೋ ಟಾರ್ಪಾಲು ಹೊದಿಸಿ ಇಟ್ಟಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಏನೆಂಬುದು ಮಾತ್ರ ಗೊತ್ತಿರಲಿಲ್ಲ. ಪಕ್ಕದ ಮನೆಯ ದೊಡ್ಡಕ್ಕನಿಗಂತೂ ಅದೇ ಚಿಂತೆಯಲ್ಲಿ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಟಾರ್ಪಾಲಿನ ಕೆಳಗಿದ್ದದ್ದು ಒಂದು ಬೋಟು. ಯಾವುದೋ ಮುಚ್ಚಿಹೋದ ರೆಸಾರ್ಟಿನಿಂದ ಶಿರಾದ ಗುಜರಿಗೆ ಬಂದು ಬಿದ್ದಿದ್ದ, ಐದು ಸೀಟಿನ ಹಳೇ ಫೈಬರ್ ಬೋಟು.

ನಾಗಲಿಂಗಯ್ಯ ಮಧುಗಿರಿ–ಪಾವಗಡ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿ ನಿವೃತ್ತನಾದವನು. ಮದುವೆಯಾದ ಹೊಸದರಲ್ಲಿ ಹೆಂಡತಿ ಕೊಲ್ಲಾಪುರಮ್ಮನನ್ನು ಒಂದು ಡ್ಯಾಮು ನೋಡಲು ಕರೆದುಕೊಂಡು ಹೋಗಿದ್ದ. ಆಕೆ ಬೋಟಿನಲ್ಲಿ ಕೂರೋಣ ಎಂದಾಗ, “ಸುತ್ತಾಡ್ಕಂಡು ಹತ್ತಿದ ಜಾಗದಲ್ಲೇ ಇಳಿಯಾಕೂ ಟಿಕೆಟ್ಟಾ?” ಎಂದುಬಿಟ್ಟಿದ್ದ. ಅಂದಿನಿಂದ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಕೊನೆಗೆ ಆ ಬೋಟಿಗೇ ಬಂದು ನಿಲ್ಲುತ್ತಿತ್ತು. ಈ ವರ್ಷ ಊರ ಕೆರೆ ತುಂಬಿ ಕೋಡಿ ಬಿದ್ದಾಗ ನಾಗಲಿಂಗಯ್ಯ ತೀರ್ಮಾನ ಮಾಡಿದ. ಮದುವೆಯ ವಾರ್ಷಿಕೋತ್ಸವದ ದಿನವೇ ಹೆಂಡತಿಯ ಪಕ್ಕ ಬೋಟಿನಲ್ಲಿ ಕೂತು ಒಂದು ಸುತ್ತು ಬರಬೇಕು, ಆ ಮಾತಿಗೆ ಅಲ್ಲೇ ಎಳ್ಳುನೀರು ಬಿಡಬೇಕು.

ಬೋಟಿನ ಇಂಜಿನ್ ಎಂದೋ ಸತ್ತಿತ್ತು. ಅವನ ಬಸ್ಸಿನ ಡ್ರೈವರಾಗಿದ್ದ, ಈಗ ಶಿರಾದಲ್ಲಿ ಇಂಜಿನ್ ರಿಪೇರಿ ಮಾಡಿಕೊಂಡಿದ್ದ ಬಾಷಾ ಸಾಬ್ ಬಂದು, ಬಿರುಕುಗಳಿಗೆ ತೇಪೆ ಹಾಕಿ, ಹಳೇ ಪಂಪಿನ ಸೀಮೆಎಣ್ಣೆ ಇಂಜಿನ್ ಕೂರಿಸಿ, ಹಿಂದೆ ನೀರು ತಳ್ಳುವ ಫ್ಯಾನು ಸಿಕ್ಕಿಸಿದ.

“ಇಂಜಿನ್ ಯಾವ್ದಾದ್ರೇನು ಕಂಡಕ್ಟ್ರೇ? ನೀವು ರೈಟ್ ಅನ್ನಿ, ನಾನು ಹಿಂದೆ ತಿರುಗಿ ನೋಡಾಕಿಲ್ಲ,” ಎಂದ.

ಆ ದಿನ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ ನೋಡಿದರು. ಸದ್ದಿಗೆ ದೊಡ್ಡಕ್ಕ ಗೋಡೆಯ ಮೇಲಿಂದ ಇಣುಕಿದಳು. ಟಾರ್ಪಾಲು ಅರ್ಧ ಮಾತ್ರ ಸರಿದಿದ್ದರಿಂದ ಅವಳ ಕಣ್ಣಿಗೆ ಬೋಟು ಬೀಳಲಿಲ್ಲ, ಇಂಜಿನ್ ಬಿತ್ತು.

“ಪಂಪಿನ ಇಂಜಿನ್ನು ಕಣಮ್ಮೋ! ಕೆರೆಗೆ ಮೋಟ್ರು ಮಡಗ್ತಾನೆ!”

ದೊಡ್ಡೇರಿಯಲ್ಲಿ ಇದಕ್ಕಿಂತ ದೊಡ್ಡ ಅಪವಾದವಿಲ್ಲ. ಕೆರೆ ನೀರು ತೂಬಿನಿಂದ ಸರದಿಯಂತೆ ಗದ್ದೆಗೆ ಹೋಗಬೇಕು. ಮೋಟರಿಟ್ಟು ಎತ್ತುವವನು ಊರಿಗೇ ಕನ್ನ ಹಾಕಿದಂತೆ. ಬೋಟನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವಷ್ಟರಲ್ಲಿ ಅರ್ಧ ಊರು ಕೆರೆ ಏರಿಯ ಮೇಲಿತ್ತು. ಮುಂದೆ ನಿಂತಿದ್ದವನು ಕೆರೆ ಕೆಳಗೆ ಗದ್ದೆಯಿದ್ದ ಹಿರಿಯ ತಿಮ್ಮರಾಯಪ್ಪ.

“ಏನ್ಲಾ ಲಿಂಗ, ಏನಿದು?”

“ಬೋಟು ಕಣಣ್ಣ. ಸುಮ್ನೆ ಒಂದು ಸುತ್ತು ಹೋಗಾಕೆ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಹೋಗಿ ಇಲ್ಲಿಗೇ ಬತ್ತೀವಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ಬರೀ ಗುಮಾನಿಯಾಗಿದ್ದದ್ದು ಈಗ ಖಾತ್ರಿಯಾಯಿತು.

“ಇಲ್ಲಿಗೇ ಬರೋನು ಇಲ್ಲೇ ನಿಂತ್ಕಬಾರ್ದಾ? ಅದಕ್ಯಾಕೆ ಸೀಮೆಎಣ್ಣೆ ಸುಡ್ಬೇಕು?” ಎಂದ ತಿಮ್ಮರಾಯಪ್ಪ.

ರೇಷ್ಮೆ ಸೀರೆ ಉಟ್ಟು ನಿಂತಿದ್ದ ಕೊಲ್ಲಾಪುರಮ್ಮ ಗಂಡನನ್ನು ಓರೆಗಣ್ಣಿನಿಂದ ನೋಡಿದಳು. ಇದೇ ಮಾತನ್ನು ಆಕೆ ಹಿಂದೆ ಅವನ ಬಾಯಿಂದಲೇ ಕೇಳಿದ್ದಳು.

ಅಷ್ಟರಲ್ಲಿ ಕೆರೆಯ ಮೀನು ಹರಾಜು ಹಿಡಿದಿದ್ದ ರಂಗೇಶ ಬೋಟಿನೊಳಗೆ ಇಳಿದು ಬಲೆ ಹುಡುಕತೊಡಗಿದ. ಬಲೆ ಸಿಗಲಿಲ್ಲ, ಸ್ಟೀಲ್ ಡಬ್ಬಿ ಸಿಕ್ಕಿತು.

“ಇದೇನಣ್ಣ? ಮೀನಿಗೆ ಹಾಕೋ ಮೇವಾ?”

“ಹೋಳಿಗೆ ಕಣಪ್ಪ!” ಎಂದಳು ಕೊಲ್ಲಾಪುರಮ್ಮ.

ರಂಗೇಶ ನಂಬದೆ ಒಂದು ತಿಂದು ನೋಡಿದ. ಆಮೇಲೂ ಅನುಮಾನ ಉಳಿದದ್ದರಿಂದ ಇನ್ನೊಂದು ತಿಂದ.

ನಾಗಲಿಂಗಯ್ಯನಿಗೆ ಅಳು ಬರುವಂತಾಯಿತು. ತನ್ನ ಬಸ್ಸು ಹತ್ತಿದವರನ್ನೆಲ್ಲ ಟಿಕೆಟ್ ತಗೊಂಡಿದ್ದಾರೋ ಇಲ್ಲವೋ ಎಂದು ಅನುಮಾನಿಸಿದ್ದ ಪಾಪವೆಲ್ಲ ಒಟ್ಟಿಗೇ ಬಂದು ಹೆಗಲೇರಿದಂತಿತ್ತು. “ಅಣ್ಣಾ, ಪೈಪಿಲ್ಲ, ಬಲೆಯಿಲ್ಲ. ನನ್ ಹೆಂಡ್ತೀನ ಒಂದ್ಸಲ ಕೂರಿಸ್ಬೇಕು, ಅಷ್ಟೇಯ,” ಎಂದು ಕೈಮುಗಿದ.

“ಅಂಗಾದ್ರೆ ನಾನೂ ಕುಂತ್ಕಂತೀನಿ,” ಎಂದ ತಿಮ್ಮರಾಯಪ್ಪ. “ನಾನೂ,” ಎಂದ ರಂಗೇಶ.

ಬೋಟು ನೀರಿಗಿಳಿಯಿತು. ಮುಂದೆ ಬಾಷಾ ಸಾಬ್. ಅವನ ಹಿಂದೆ ಸೊಂಟಕ್ಕೆ ಟ್ರ್ಯಾಕ್ಟರ್ ಟ್ಯೂಬು ಸಿಕ್ಕಿಸಿಕೊಂಡ ತಿಮ್ಮರಾಯಪ್ಪ, ಡಬ್ಬಿ ಕೈಬಿಡದ ರಂಗೇಶ. ಕೊನೆಯ ಸಾಲಿನಲ್ಲಿ ಕೊಲ್ಲಾಪುರಮ್ಮ, ಪಕ್ಕದಲ್ಲೊಂದು ಖಾಲಿ ಸೀಟು. ಆಕೆ ಸೆರಗು ಸರಿಸಿ ಅದರಲ್ಲಿ ಗಂಡನಿಗೆ ಜಾಗ ಮಾಡಿದಳು. ಅದನ್ನು ಕಂಡು ನಾಗಲಿಂಗಯ್ಯನ ಎದೆ ತುಂಬಿ ಬಂತು. ಮೊದಲು ಬೋಟು ತಳ್ಳಿ ಆಮೇಲೆ ಹತ್ತೋಣವೆಂದು ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದ.

ತಳ್ಳಿದ. ಬೋಟು ಕೆಸರು ಬಿಟ್ಟು ತೇಲಿತು. ಎಲ್ಲರೂ ಕೂತಿದ್ದಾರೆಯೇ ಎಂದು ಹಿಂದಿನಿಂದ ಮುಂದಿನವರೆಗೆ ಒಮ್ಮೆ ನೋಡಿದ. ಕೈ ತಾನಾಗಿಯೇ ಬೋಟಿನ ಮಗ್ಗುಲಿಗೆ ಎರಡು ಸಲ ಬಡಿಯಿತು. ಬಾಯಿಯೂ ತಾನಾಗಿಯೇ ತೆರೆಯಿತು.

“ರೈಟ್!”

ಬಾಷಾ ಸಾಬ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಹಿಂದೆ ತಿರುಗದೆ ಬೋಟು ಎತ್ತಿಕೊಂಡು ಹೊರಟೇಬಿಟ್ಟ. ರೈಟ್ ಎಂದ ಮೇಲೆ ಓಡಿ ನೆಗೆಯಲು ಬೋಟಿಗೆ ಫುಟ್‌ಬೋರ್ಡು ಇರಲಿಲ್ಲ.

“ಹೋಲ್ಡಾನ್! ಹೋಲ್ಡಾನ್!” ನಾಗಲಿಂಗಯ್ಯನ ಕೂಗು ಇಂಜಿನ್ನಿನ ಸದ್ದಿನಲ್ಲಿ ಕರಗಿಹೋಯಿತು.

ಏರಿಯ ಮೇಲೆ ದೊಡ್ಡಕ್ಕನ ದನಿ ಎದ್ದಿತು. “ನೋಡ್ರಪ್ಪೋ! ಎಲ್ರನ್ನೂ ಹತ್ತಿಸ್ಬುಟ್ಟು ತಾನು ಹತ್ಲಿಲ್ಲ! ಮುಳುಗ್ತೈತೆ ಅಂತ ಇವನಿಗೆ ಗೊತ್ತಿತ್ತು!”

ಇಬ್ಬರು ನೀರಿಗಿಳಿದು ನಾಗಲಿಂಗಯ್ಯನ ಎರಡು ರಟ್ಟೆ ಹಿಡಿದುಕೊಂಡರು. ಹಾಗೆಯೇ ನಿಂತು ಅವನು ತನ್ನ ಬೋಟು ಕೆರೆಯನ್ನು ಪೂರ್ತಿ ಸುತ್ತುವುದನ್ನು ನೋಡಿದ. ಹೆಂಡತಿ ನಗುವುದೂ ದೂರದಿಂದ ಕೇಳಿಸಿತು. ಅಷ್ಟು ಚೆನ್ನಾಗಿ ಆಕೆ ನಕ್ಕದ್ದನ್ನು ಅವನು ಕೇಳಿಯೇ ಇರಲಿಲ್ಲ.

ಬೋಟು ಮುಳುಗದೆ ವಾಪಸ್ಸು ಬಂತು. “ಒಂದು ಸುತ್ತಿಗೆಲ್ಲ ಅನುಮಾನ ತೀರಾಕಿಲ್ಲ. ನಾಳೆ ನಮ್ಮ ಮನೇರ್ನೂ ಕರ್ಕಂಬಂದು ನೋಡ್ಬೇಕು,” ಎನ್ನುತ್ತ ತಿಮ್ಮರಾಯಪ್ಪ ಟ್ಯೂಬಿನ ಸಮೇತ ಇಳಿದ. ರಂಗೇಶ ಖಾಲಿ ಡಬ್ಬಿ ಮರಳಿಸಿದ.

ಕೊನೆಗೆ ಇಳಿದ ಕೊಲ್ಲಾಪುರಮ್ಮ, ರಟ್ಟೆ ಹಿಡಿಸಿಕೊಂಡು ನಿಂತಿದ್ದ ಗಂಡನ ಮುಂದೆ ನಿಂತಳು. ಮುಖದ ನಗು ಮೆಲ್ಲಗೆ ಮಾಸಿತು. ಕಣ್ಣು ಕಿರಿದಾಯಿತು.

“ಅವತ್ತು ಟಿಕೆಟ್ ದಂಡ ಅಂದ್ರಿ, ನಂಬಿದ್ದೆ. ಇವತ್ತು ಸ್ವಂತ ಬೋಟು, ಪಕ್ಕದಲ್ಲಿ ಸೀಟು ಬಿಟ್ಕಂಡು ಕುಂತಿದ್ದೆ. ನಿಜ ಹೇಳಿ, ನಿಮಗೆ ನೀರು ಕಂಡ್ರೆ ಭಯ ಅಲ್ವಾ?”

ನಾಗಲಿಂಗಯ್ಯ ಉತ್ತರ ಕೊಡಲು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಆ ಸುದ್ದಿ ಹೊತ್ತು ಊರ ಕಡೆ ದಾಪುಗಾಲು ಹಾಕಿದ್ದಳು.